ಮತಗಣನೆಯ ಪರಿಶೋಧನೆ

ಸಾಲೋಟಗಿಯ ವಿದ್ಯಾಪರಂಪರೆಗೆ ಕ್ರಿ.ಶ. 945ರ ಸ್ತಂಭಶಾಸನವೇ ಸಾಕ್ಷಿ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಇಲ್ಲಿ ಶಾಲೆಯನ್ನು ಕಟ್ಟಿಸಿದನೆಂದೂ ನಾನಾ ಜನಪದಗಳ ವಿದ್ಯಾರ್ಥಿಗಳಿಗೆ 27 ವಸತಿಗೃಹಗಳಿದ್ದುವೆಂದೂ ಅದು ಸಾರುತ್ತದೆ. ಕೊಟ್ಟವರೂ ಪಡೆದವರೂ ಗತಿಸಿ ಸಾವಿರ ವರ್ಷ ಸಂದರೂ ಆ ಮಾತು ನಂಬಿಕೆಗೆ ಅರ್ಹವಾಗಿದೆ. ಏಕೆಂದರೆ ಸಂಶಯವುಳ್ಳವನು ಅದನ್ನು ಮತ್ತೆ ಓದಿ ನೋಡಬಹುದು. ಚುನಾವಣೆಯ ಫಲಿತಾಂಶವನ್ನು ಕುರಿತ ಇಂದಿನ ವಿವಾದದ ತಿರುಳೂ ಇದೇ ಆಗಿದೆ.

ಮತಪತ್ರಗಳ ಕಾಲದಲ್ಲಿ ಸಂಶಯ ಬಂದರೆ ಪತ್ರಗಳನ್ನೇ ಮತ್ತೆ ಎಣಿಸಬಹುದಿತ್ತು. 1971ರ ಲೋಕಸಭಾ ಚುನಾವಣೆಯ ಅನಂತರ ಬಲರಾಜ ಮಧೋಕರು ಮತಪತ್ರಗಳಿಗೆ ರಾಸಾಯನಿಕ ಲೇಪವಿತ್ತೆಂದು ಆಕ್ಷೇಪಿಸಿದರು. ಪತ್ರಗಳ ಪರಿಶೀಲನೆಯ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು; ಆಕ್ಷೇಪ ಸ್ಥಾಪಿತವಾಗಲಿಲ್ಲ. ಆದರೆ ಪರಿಶೀಲಿಸಲು ಪತ್ರವಾದರೂ ಇತ್ತು.

2004ರ ಲೋಕಸಭಾ ಚುನಾವಣೆ ದೇಶಾದ್ಯಂತ ಮತಯಂತ್ರದಿಂದ ನಡೆಯಿತು. ಯಂತ್ರವನ್ನು ಎಷ್ಟು ಸಲ ಕೇಳಿದರೂ ಅದು ಮೊದಲು ಹೇಳಿದ ಮೊತ್ತವನ್ನೇ ಹೇಳುತ್ತದೆ. ತನಗೆ ತಾನೇ ಸಾಕ್ಷಿಯಾಗಲಾರದು. ಆದುದರಿಂದ 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾಗದದ ಚೀಟಿ ಅಗತ್ಯವೆಂದಿತು. ವಿವಿಪ್ಯಾಟ್ ಎಂಬ ಪೆಟ್ಟಿಗೆಯಲ್ಲಿ ಮತದಾರನು ತಾನು ಆರಿಸಿದ ಚಿಹ್ನೆಯನ್ನು ಏಳು ಸೆಕೆಂಡು ಕಾಣುತ್ತಾನೆ. ಬಳಿಕ ಚೀಟಿ ಒಳಗೆ ಬೀಳುತ್ತದೆ.

ಆ ಚೀಟಿಗಳಲ್ಲಿ ಎಷ್ಟನ್ನು ಎಣಿಸಬೇಕೆಂಬುದೇ ಮುಂದಿನ ವಿವಾದ. 2019ರಲ್ಲಿ 21 ವಿರೋಧ ಪಕ್ಷಗಳ ನಾಯಕರು ಅರ್ಧದಷ್ಟನ್ನು ತಾಳೆ ನೋಡಬೇಕೆಂದರು. ನ್ಯಾಯಾಲಯವು ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ ಒಂದು ಮತಗಟ್ಟೆಯೆಂದಿದ್ದುದನ್ನು ಐದಕ್ಕೆ ಏರಿಸಿತು. ಎಲ್ಲವನ್ನೂ ಎಣಿಸಬೇಕೆಂಬ ಬೇಡಿಕೆಯನ್ನು 2024ರ ಏಪ್ರಿಲ್ 26ರಂದು ತಿರಸ್ಕರಿಸಿತು. ಆದರೆ ಎರಡನೆಯ ಅಥವಾ ಮೂರನೆಯ ಸ್ಥಾನ ಪಡೆದ ಅಭ್ಯರ್ಥಿಯು ಏಳು ದಿನಗಳೊಳಗೆ ಲಿಖಿತವಾಗಿ ಕೋರಿದರೆ ಶೇಕಡಾ 5ರಷ್ಟು ಯಂತ್ರಗಳನ್ನು ಪರೀಕ್ಷಿಸಬೇಕೆಂದು ವಿಧಿಸಿತು. ವೆಚ್ಚ ಅಭ್ಯರ್ಥಿಯದು, ಅಕ್ರಮ ಸಿದ್ಧವಾದರೆ ಅದು ಹಿಂದಿರುಗುತ್ತದೆ.

ಎಲ್ಲವನ್ನೂ ಎಣಿಸಿದರೆ ವಿಳಂಬವೂ ಕೈತಪ್ಪೂ ಸಂಭವಿಸುವುವೆಂಬ ಮಾತು ನಿರಾಧಾರವಲ್ಲ. ಆದರೂ ಅಂತರ ಕಿರಿದಾದಲ್ಲಿ ಸಂಶಯ ಹಿರಿದಾಗುತ್ತದೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಕೋಲಾರ ಜಿಲ್ಲೆಯ ಮಾಲೂರಿನ ಗೆಲುವು 248 ಮತಗಳದು. 2025ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಆ ಆಯ್ಕೆಯನ್ನು ಅಸಿಂಧುಗೊಳಿಸಿ ಮರುಎಣಿಕೆಗೆ ಆದೇಶಿಸಿತು. ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅಸಿಂಧುತ್ವಕ್ಕೆ ತಡೆಯಿತ್ತು, ಮರುಎಣಿಕೆ ನಡೆಸಿ ಫಲಿತಾಂಶವನ್ನು ಮುಚ್ಚಿದ ಲಕೋಟೆಯಲ್ಲಿ ಒಪ್ಪಿಸಬೇಕೆಂದಿತು. ಐದು ವರ್ಷಗಳ ಅವಧಿಯಲ್ಲಿ ಎರಡು ವರ್ಷಗಳಿಗೂ ಮಿಗಿಲಾದ ಕಾಲ ಅದಾಗಲೇ ಕಳೆದಿತ್ತು.

ಉತ್ತರಪತ್ರಿಕೆಯ ಮರುಮೌಲ್ಯಮಾಪನವನ್ನು ವಿದ್ಯಾರ್ಥಿ ಕೋರಿದರೆ ಅದು ಗುರುವಿಗೆ ಅವಮಾನವಲ್ಲ. ಅಂಕ ಹೆಚ್ಚದಿದ್ದರೂ ಅವನ ಮನಸ್ಸಿಗೆ ಸಮಾಧಾನವಾಗುತ್ತದೆ. ಗೆದ್ದವನಿಗೆ ಲೆಕ್ಕದ ಪರೀಕ್ಷೆ ಬೇಕಿಲ್ಲ; ಸೋತವನೂ ಒಪ್ಪುವಂತೆ, ಸಕಾಲದಲ್ಲಿ, ಲೆಕ್ಕವನ್ನು ತೆರೆದು ತೋರಿಸುವುದೇ ಪ್ರಜಾಪ್ರಭುತ್ವದ ಧರ್ಮ.