ರಿಪೋರ್ಟ್ ನಾರ್ಮಲ್, ಸುಸ್ತು ಮಾತ್ರ ಹಾಗೇ

‘ಟಿಎಸ್‌ಎಚ್ ಸರಿಯಾಗಿದೆ ಅಂತಾರೆ ಡಾಕ್ಟ್ರು. ಮಧ್ಯಾಹ್ನ ಮೂರಾದರೆ ನನಗೆ ಕೂತಲ್ಲೇ ಕಣ್ಣು ಎಳೆಯುತ್ತೆ.’ ಥೈರಾಯ್ಡ್ ಮಾತ್ರೆ ನುಂಗುತ್ತಿರುವವರು ಪದೇ ಪದೇ ಹೇಳಿಕೊಳ್ಳುವ ಸಂಕಟ ಇದು. ಮನೆಯವರ ತೀರ್ಪು ಸರಳ: ಸೋಮಾರಿತನ, ಇಲ್ಲವೇ ವಯಸ್ಸಾಯಿತು. ಹೀಗೆ ಹೇಳಿಸಿಕೊಳ್ಳುವವರಲ್ಲಿ ಹೆಂಗಸರೇ ಜಾಸ್ತಿ, ಏಕೆಂದರೆ ಥೈರಾಯ್ಡ್ ಹಾರ್ಮೋನಿನ ಕೊರತೆ, ಅಂದರೆ ಹೈಪೊಥೈರಾಯ್ಡಿಸಂ, ಗಂಡಸರಿಗಿಂತ ಅವರಿಗೆ ಹಲವು ಪಟ್ಟು ಹೆಚ್ಚು. ಬೆಂಗಳೂರೂ ಸೇರಿದಂತೆ ದೇಶದ ಎಂಟು ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ ನೂರು ವಯಸ್ಕರಲ್ಲಿ ಸುಮಾರು 11 ಮಂದಿಗೆ ಈ ತೊಂದರೆ ಇದೆ. ಚಿಕಿತ್ಸೆ ಪಡೆದು ರಕ್ತದ ಅಂಕಿ ಸರಿಹೋದ ಮೇಲೂ ನೂರಕ್ಕೆ ಐದರಿಂದ ಹತ್ತು ಜನಕ್ಕೆ ಆಯಾಸ ಬಿಡುವುದಿಲ್ಲ ಎಂಬುದನ್ನು ವೈದ್ಯಲೋಕವೇ ಒಪ್ಪುತ್ತದೆ. ಅವರ ಸುಸ್ತು ನಿಜ. ಆದರೆ ಅದರ ಬೇರು ಪ್ರತಿ ಸಲವೂ ಕತ್ತಿನಲ್ಲೇ ಇರಬೇಕೆಂದಿಲ್ಲ.

ಶ್ವಾಸನಾಳವನ್ನು ಅಪ್ಪಿಕೊಂಡಿರುವ ಥೈರಾಯ್ಡ್ ಗ್ರಂಥಿಯ ತೂಕ 20 ಗ್ರಾಂ ಆಸುಪಾಸು. ಅದು ಮುಖ್ಯವಾಗಿ ತಯಾರಿಸುವುದು ಟಿ4, ಅಂದರೆ ಥೈರಾಕ್ಸಿನ್. ಇದರಲ್ಲಿ ನಾಲ್ಕು ಅಯೋಡಿನ್ ಪರಮಾಣುಗಳಿವೆ. ಯಕೃತ್ತು, ಮೂತ್ರಪಿಂಡದಂಥ ಅಂಗಗಳಲ್ಲಿ ಒಂದು ಅಯೋಡಿನ್ ಕಳಚಿ ಟಿ3 ಆದ ಮೇಲೆಯೇ ಅದು ಚುರುಕಾಗಿ ಕೆಲಸ ಮಾಡುವುದು. ಹೃದಯದ ಬಡಿತ, ಕರುಳಿನ ಚಲನೆ, ಮೈಯ ಬಿಸಿ, ಚರ್ಮ, ಕೂದಲು ಎಲ್ಲವೂ ಟಿ3ರ ಅಧೀನ. ಅದು ಕಡಿಮೆಯಾದರೆ ಮಲಬದ್ಧತೆ, ಚಳಿ, ಒಣಚರ್ಮ, ಮಂಕುತನ, ಮುಟ್ಟಿನಲ್ಲಿ ಅತಿಸ್ರಾವ ಒಂದೊಂದಾಗಿ ಬರುತ್ತವೆ. ಟಿಎಸ್‌ಎಚ್ ಬರುವುದು ಥೈರಾಯ್ಡಿನಿಂದಲ್ಲ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ. ಕೆಲಸ ನಿಧಾನವಾದಷ್ಟೂ ದನಿ ಏರಿಸುವ ಮೇಸ್ತ್ರಿ ಇದು. ಹಾಗಾಗಿ ಗ್ರಂಥಿ ಸೋತರೆ ಟಿಎಸ್‌ಎಚ್ ಅಂಕಿ ಮೇಲೇರುತ್ತದೆ. ಅಯೋಡಿನ್ ಕೊರತೆ ಇಲ್ಲದ ಕಡೆ ಗ್ರಂಥಿ ಸೋಲಲು ದೊಡ್ಡ ಕಾರಣ ಹಶಿಮೊಟೊ ಕಾಯಿಲೆ. ದೇಹದ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡಿನ ಮೇಲೆ ತಿರುಗಿಬೀಳುವ ಇದನ್ನು ಜಪಾನಿನ ವೈದ್ಯ ಹಕರು ಹಶಿಮೊಟೊ 1912ರಲ್ಲಿ ಮೊದಲು ವಿವರಿಸಿದರು.

ಇನ್ನು ಮಾತ್ರೆಯ ವಿಚಾರ. ಅದರಲ್ಲಿರುವ ಟಿ4 ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಏಳು ದಿನ ಬೇಕು. ಆದ್ದರಿಂದ ಡೋಸ್ ಬದಲಿಸಿದ ಪರಿಣಾಮ ಟಿಎಸ್‌ಎಚ್‌ನಲ್ಲಿ ನೆಲೆಗೊಳ್ಳಲು ಆರು ವಾರವಾದರೂ ಹಿಡಿಯುತ್ತದೆ. ಮೈ ಸುಧಾರಿಸುವುದು ಅದಕ್ಕಿಂತಲೂ ತಡ. ಮುಖದ ಊತ ಬೇಗ ಇಳಿದೀತು, ಕೂದಲು ಮತ್ತು ಚರ್ಮಕ್ಕೆ ತಿಂಗಳುಗಳೇ ಬೇಕು. ಹತ್ತು ದಿನ ನುಂಗಿ ‘ಏನೂ ಗುಣ ಕಾಣಲಿಲ್ಲ’ ಎಂದು ಬಿಟ್ಟುಬಿಡುವವರು ಮಾತ್ರೆಗೆ ಕೆಲಸ ಮಾಡಲು ಅವಕಾಶವನ್ನೇ ಕೊಟ್ಟಿರುವುದಿಲ್ಲ. ಈ ಹಾರ್ಮೋನು ಹೊರಗಿನಿಂದ ಕೊಟ್ಟರೂ ನಡೆಯುತ್ತದೆ ಎಂಬುದು ಗೊತ್ತಾಗಿ ನೂರು ವರ್ಷದ ಮೇಲಾಯಿತು. 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ವೈದ್ಯ ಜಾರ್ಜ್ ಮರ್ರೆ, ತೀವ್ರ ಥೈರಾಯ್ಡ್ ಕೊರತೆಯಿದ್ದ 46 ವರ್ಷದ ಹೆಂಗಸೊಬ್ಬರಿಗೆ ಕುರಿಯ ಥೈರಾಯ್ಡಿನ ರಸವನ್ನು ಚುಚ್ಚುಮದ್ದಾಗಿ ಕೊಟ್ಟರು. ಆಕೆ ಆಮೇಲೆ 28 ವರ್ಷ ಬದುಕಿದರು.

ನಮ್ಮ ಕಡೆ ಈ ಮಾತ್ರೆಯ ದೊಡ್ಡ ಶತ್ರು ಬೆಳಗಿನ ಕಾಫಿ. ಕಾಫಿಯ ಜೊತೆ ನುಂಗಿದರೆ ಔಷಧಿ ಕರುಳಿನಲ್ಲಿ ಸರಿಯಾಗಿ ಹೀರಿಕೆಯಾಗುವುದಿಲ್ಲ ಎಂದು ಇಟಲಿಯ ಸಂಶೋಧಕರು 2008ರಲ್ಲಿ ತೋರಿಸಿದರು. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನಲ್ಲಿ ನುಂಗಿ ಅರ್ಧದಿಂದ ಒಂದು ಗಂಟೆ ತಡೆಯಬೇಕು, ಆಮೇಲೆಯೇ ಫಿಲ್ಟರ್ ಕಾಫಿ. ಕ್ಯಾಲ್ಸಿಯಂ ಸಮೃದ್ಧವಾದ ರಾಗಿ ಗಂಜಿ, ಹಾಲು, ಸೋಯಾಗಳಿಗೂ ಅದೇ ನಿಯಮ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರ ಬೇಕು. ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ ತಿನ್ನುವವರಲ್ಲೂ ಹೀರಿಕೆ ತಗ್ಗುತ್ತದೆ. ಎದ್ದ ಕೂಡಲೇ ಕಾಫಿ ಬೇಕೇ ಬೇಕು ಎನ್ನುವವರಿಗೆ ದಾರಿಯೊಂದಿದೆ: ಊಟವಾಗಿ ಮೂರು ಗಂಟೆ ಕಳೆದ ಮೇಲೆ, ಮಲಗುವಾಗ ನುಂಗುವುದು. ನೆದರ್ಲೆಂಡ್ಸ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಕ್ರಮ ಬೆಳಗಿನದಕ್ಕಿಂತ ತುಸು ಮೇಲೆಂದೇ ಕಂಡಿತು. ಮಾತ್ರೆಯ ಡಬ್ಬಿ ಎಲ್ಲಿದೆ ಎಂಬುದನ್ನೂ ನೋಡಿ. ಥೈರಾಕ್ಸಿನ್‌ಗೆ ಬಿಸಿ, ಬೆಳಕು, ತೇವ ಮೂರೂ ಆಗದು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಅಡುಗೆಮನೆಯ ಕಿಟಕಿ ಅದಕ್ಕೆ ತಕ್ಕ ಜಾಗವಲ್ಲ.

ಇಷ್ಟೆಲ್ಲ ಸರಿಯಿದ್ದೂ ಸುಸ್ತು ಉಳಿದರೆ ಬೇರೆ ಕಳ್ಳರನ್ನು ಹುಡುಕಬೇಕು. ನನ್ನ ಮಟ್ಟಿಗೆ ಇಲ್ಲಿ ಆಗುವಷ್ಟು ಅಸಡ್ಡೆ ಬೇರೆಲ್ಲೂ ಆಗುವುದಿಲ್ಲ. ಒಂದು ಸುಳಿಯನ್ನೇ ನೋಡಿ: ಥೈರಾಯ್ಡ್ ಕೊರತೆಯಿಂದ ಮುಟ್ಟಿನ ರಕ್ತಸ್ರಾವ ಹೆಚ್ಚುತ್ತದೆ, ಅದರಿಂದ ಕಬ್ಬಿಣದ ಅಂಶ ಇಳಿಯುತ್ತದೆ, ಅದಕ್ಕೆ ಕೊಟ್ಟ ಕಬ್ಬಿಣದ ಮಾತ್ರೆಯನ್ನು ಥೈರಾಯ್ಡ್ ಮಾತ್ರೆಯ ಜೊತೆಗೇ ನುಂಗಿದರೆ ಥೈರಾಯ್ಡ್ ಮತ್ತೆ ಕೆಳಗೆ. ಹಿಮೋಗ್ಲೋಬಿನ್ ಪರವಾಗಿಲ್ಲ ಎನಿಸಿದರೂ ದೇಹದ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು, ಅದನ್ನು ಹೇಳುವುದು ಫೆರಿಟಿನ್ ಪರೀಕ್ಷೆ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ. ಹಶಿಮೊಟೊ ಇದ್ದವರಲ್ಲಿ ಬಿ12 ಹೀರಿಕೆಯನ್ನೇ ಕೆಡಿಸುವ ಅದೇ ಬಗೆಯ, ದೇಹದ ರಕ್ಷಣಾ ವ್ಯವಸ್ಥೆ ತಿರುಗಿಬೀಳುವ ಇನ್ನೊಂದು ಕಾಯಿಲೆಯೂ ಜೊತೆಗೂಡಬಹುದು. ಪಾದ ಜೋಮು ಹಿಡಿಯುವುದು, ಮರೆವು ಇದ್ದರೆ ಬಿ12 ಪರೀಕ್ಷೆ ಮುಂದೂಡಬಾರದು. ರಾತ್ರಿ ಗೊರಕೆ, ನಡುವೆ ಉಸಿರು ಕಟ್ಟಿದಂತಾಗುವುದು ಇದ್ದರೆ ಅದು ಸ್ಲೀಪ್ ಅಪ್ನಿಯ ಇರಬಹುದು. ಎಂಟು ಗಂಟೆ ಮಲಗಿದರೂ ನಿದ್ದೆ ಆಗಿರುವುದಿಲ್ಲ. ಮುಟ್ಟು ನಿಲ್ಲುವ ಕಾಲದ ಬದಲಾವಣೆಗಳಿಗೂ ಖಿನ್ನತೆಗೂ ಸುಸ್ತೇ ಮುಖ.

ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ಏರಿಸುವ ಚಾಳಿ ಅಪಾಯಕಾರಿ. ಡೋಸ್ ಅತಿಯಾದರೆ ಹೃದಯದ ಲಯ ತಪ್ಪುತ್ತದೆ, ಮೂಳೆ ಸವೆಯುತ್ತದೆ. ಆಸ್ಟ್ರೇಲಿಯಾದ ಸಂಶೋಧಕರು ರೋಗಿಗಳಿಗೆ ತಿಳಿಯದಂತೆ ಡೋಸನ್ನು ಸಣ್ಣ ಪ್ರಮಾಣದಲ್ಲಿ ಏರಿಳಿಸಿ ನೋಡಿದಾಗ ಆಯಾಸದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಟಿ4 ಜೊತೆ ಟಿ3 ಸೇರಿಸುವ ವಾದವೂ ಹಳೆಯದು. ಲಿಥುವೇನಿಯಾದಲ್ಲಿ 33 ಜನರ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನ ಆಸೆ ಹುಟ್ಟಿಸಿತು, ನಂತರದ ಹಲವು ಪ್ರಯೋಗಗಳಲ್ಲಿ ಆ ಲಾಭ ಒಟ್ಟಾರೆ ಸಿಗಲಿಲ್ಲ. ಆದರೂ ಕೆಲವರು ಅದೇ ಒಗ್ಗುತ್ತದೆ ಎನ್ನುತ್ತಾರೆ. ತಜ್ಞರ ಉಸ್ತುವಾರಿಯಲ್ಲಿ, ಅವಧಿ ಗೊತ್ತುಮಾಡಿಕೊಂಡು ಪರೀಕ್ಷಿಸಿ ನೋಡಬಹುದಾದ ದಾರಿ ಅದು.

ಸುಸ್ತಿನ ಕಾರಣ ಸಿಗುವವರೆಗೆ ದಿನ ದೂಡುವುದು ಹೇಗೆ? ಆಯಾಸ ಕಡಿಮೆಯಿರುವ ಹೊತ್ತನ್ನು ಗುರುತಿಸಿ ಭಾರದ ಕೆಲಸಗಳನ್ನು ಅಲ್ಲಿಗೆ ಸರಿಸಿ. ನಡಿಗೆಯನ್ನು ಹತ್ತು ನಿಮಿಷದಿಂದ ಶುರುಮಾಡಿ, ಮೈಕೈ ನೋವು ಏಳದಂತೆ ವಾರವಾರ ಬೆಳೆಸಿ. ಒಂದೇ ದಿನ ಮನೆಯೆಲ್ಲ ತೊಳೆದು ಎರಡು ದಿನ ಮಲಗುವ ಪದ್ಧತಿ ಬೇಡ. ಥೈರಾಯ್ಡಿಗೆ ಆಗದೆಂದು ಬೇಯಿಸಿದ ಎಲೆಕೋಸಿಗೆ ಹೆದರಬೇಕಿಲ್ಲ. ಕೂದಲಿಗೆಂದು ಬಯೋಟಿನ್ ತಿನ್ನುತ್ತಿದ್ದರೆ ರಕ್ತ ಕೊಡುವ ಎರಡು ದಿನ ಮೊದಲೇ ನಿಲ್ಲಿಸಿ, ಅದು ಥೈರಾಯ್ಡ್ ಪರೀಕ್ಷೆಯ ಅಂಕಿಗಳನ್ನು ದಿಕ್ಕುತಪ್ಪಿಸುತ್ತದೆ.

ಸುಸ್ತಿನ ಜೊತೆಗೆ ತೂಕ ಇಳಿಯುತ್ತಿದೆ, ಎದ್ದು ನಿಂತರೆ ತಲೆ ಸುತ್ತುತ್ತದೆ, ಅಂಗೈ ಗೆರೆಗಳು ಕಪ್ಪಾಗುತ್ತಿವೆ, ಉಪ್ಪು ತಿನ್ನಬೇಕೆನಿಸುತ್ತದೆ ಎಂದಾದರೆ ಮಾತ್ರ ತಡಮಾಡಬೇಡಿ. ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಗಳೂ ಸೋಲುತ್ತಿರುವ ಲಕ್ಷಣ ಇದಾಗಿರಬಹುದು. ಥೈರಾಕ್ಸಿನ್ ಹೆಚ್ಚಿಸಿದರೆ ಆ ಗ್ರಂಥಿಗಳು ತಯಾರಿಸುವ, ದೇಹದಲ್ಲಿ ಮೊದಲೇ ಕಡಿಮೆಯಿರುವ ಕಾರ್ಟಿಸಾಲ್ ಹಾರ್ಮೋನು ಇನ್ನಷ್ಟು ಬೇಗ ಕರಗಿ ಜೀವಕ್ಕೇ ಕುತ್ತು ಬರಬಹುದು. ಅಂಥವರಿಗೆ ಡೋಸ್ ಮುಟ್ಟುವ ಮೊದಲು ಬೆಳಗಿನ ಹೊತ್ತಿನ ಕಾರ್ಟಿಸಾಲ್ ಪರೀಕ್ಷೆ ಆಗಲೇಬೇಕು.