‘ಅನುಕರಿಸು’, ‘ಹೋಲು’, ‘ಹುರುಡಿಸು’: ಒಂದು ಅರ್ಥವಿಚಾರ

ಇಂಗ್ಲಿಷಿನ ‘ಎಮ್ಯುಲೇಟ್’ ಎಂಬ ಕ್ರಿಯಾಪದವನ್ನು ಕನ್ನಡಿಸಬೇಕಾದಾಗ ನಮ್ಮ ವಿದ್ಯಾರ್ಥಿಗಳು ‘ಅನುಕರಿಸು’ ಎಂದು ಬರೆದು ಮುಂದೆ ಸಾಗುತ್ತಾರೆ. ಅಧ್ಯಾಪಕರಾದ ನಾವೂ ಅದನ್ನು ತಿದ್ದುವುದು ವಿರಳ. ಆದರೆ ಆ ಪದದ ಮೂಲವಾದ ಲ್ಯಾಟಿನ್ ಶಬ್ದಕ್ಕೆ ಪ್ರತಿಸ್ಪರ್ಧಿ ಎಂದರ್ಥ. ಒಬ್ಬನ ಗುಣವನ್ನು ಮೆಚ್ಚಿ, ಅವನಿಗೆ ಸಮನಾಗಲು, ಸಾಧ್ಯವಾದರೆ ಅವನನ್ನು ಮೀರಲು ಯತ್ನಿಸುವುದೇ ಅದರ ಭಾವ. ‘ಅನುಕರಿಸು’ ಎಂಬುದರಲ್ಲಿ ಮೆಚ್ಚಿಕೆ ಇರಬಹುದು, ಮೀರುವ ಛಲವಿಲ್ಲ. ಹಾಗಾದರೆ ಈ ಭಾವಕ್ಕೆ ಕನ್ನಡದಲ್ಲಿ ಮಾತೇ ಇಲ್ಲವೆ?

ಈ ಗುಂಪಿನ ಕ್ರಿಯಾಪದಗಳು ಯಾವ ವಿಭಕ್ತಿಯನ್ನು ಬೇಡುತ್ತವೆಂಬುದನ್ನು ಗಮನಿಸಿದರೆ ಅರ್ಥದ ಭೇದ ತಾನಾಗಿ ತೋರುತ್ತದೆ. ‘ಗುರುವನ್ನು ಅನುಕರಿಸಿದನು’, ‘ಗುರುವನ್ನು ಅಣಕಿಸಿದನು’, ‘ತಂದೆಯನ್ನು ಹೋಲುತ್ತಾನೆ’: ಇಲ್ಲೆಲ್ಲ ದ್ವಿತೀಯಾ ವಿಭಕ್ತಿ. ‘ಗುರುವಿನೊಡನೆ ಸೆಣಸಿದನು’, ‘ಗುರುವಿನೊಡನೆ ಹುರುಡಿಸಿದನು’ ಎಂಬಲ್ಲಿ ಸಹಾರ್ಥದ ‘ಒಡನೆ’ ಬರುತ್ತದೆ. ಅನುಕರಿಸುವವನಿಗೆ ಎದುರಿನವನು ಕರ್ಮ. ಹುರುಡಿಸುವವನಿಗೆ ಅವನು ಒಡನೆ ನಿಲ್ಲುವವನು. ‘ಹೋಲು’ ಎಂಬುದರಲ್ಲಿ ಮತ್ತೊಂದು ವಿಶೇಷವಿದೆ. ಅದಕ್ಕೆ ಕರ್ತೃವಿನ ಇಚ್ಛೆ ಬೇಕಿಲ್ಲ. ‘ನಿನ್ನ ಅಣ್ಣನನ್ನು ಅನುಕರಿಸು’ ಎಂದು ಮಗುವಿಗೆ ವಿಧಿಸಬಹುದು. ‘ನಿನ್ನ ಅಣ್ಣನನ್ನು ಹೋಲು’ ಎಂದು ಯಾರೂ ಅಪ್ಪಣೆ ಕೊಡಲಾರರು. ‘ದಾಖಲೆಯನ್ನು ಸರಿಗಟ್ಟಿದನು’ ಎಂಬಲ್ಲಿ ಸ್ಪರ್ಧೆಯಿದ್ದೂ ದ್ವಿತೀಯೆ ಬಂದಿತಲ್ಲ ಎಂದು ಕೇಳಬಹುದು. ‘ಸರಿಗಟ್ಟು’ ಸೂಚಿಸುವುದು ಸ್ಪರ್ಧೆಯ ಫಲವನ್ನು, ಅದರ ನಡೆಯನ್ನಲ್ಲ. ಆದ್ದರಿಂದ ಅದು ನಿಯಮಕ್ಕೆ ಬಾಧಕವಲ್ಲವೆಂದು ನನ್ನ ಎಣಿಕೆ.

‘ಹುರುಡು’ ಹಳಗನ್ನಡದ ‘ಪುರುಡು’. ‘ಪೋಲ್’ ಎಂಬುದು ‘ಹೋಲು’ ಆದಂತೆಯೇ ಇಲ್ಲಿಯೂ ಪಕಾರ ಹಕಾರವಾಗಿದೆ. (ಹೆರಿಗೆಯ ಸೂತಕವನ್ನು ಹೇಳುವ ‘ಪುರುಡು’ ಬೇರೆಯ ಶಬ್ದ, ಎರಡನ್ನೂ ಬೆರೆಸಬಾರದು.) ಇದರ ಅರ್ಥವ್ಯಾಪ್ತಿಯಲ್ಲಿ ಸ್ಪರ್ಧೆ, ಮತ್ಸರ, ಸಾಟಿಯಾಗುವ ಹಟ ಮೂರೂ ಸೇರಿವೆ.

ಸ್ಪರ್ಧೆಗೂ ಹೋಲಿಕೆಗೂ ಏನು ಸಂಬಂಧವೆಂಬುದಕ್ಕೆ ಅಲಂಕಾರಶಾಸ್ತ್ರದಲ್ಲಿ ಉತ್ತರವಿದೆ. ದಂಡಿಯು ‘ಕಾವ್ಯಾದರ್ಶ’ದ ಎರಡನೆಯ ಪರಿಚ್ಛೇದದಲ್ಲಿ ಉಪಮಾವಾಚಕಗಳನ್ನು ಪಟ್ಟಿಮಾಡುವಾಗ ‘ಇವ’, ‘ಯಥಾ’ ಮುಂತಾದ ಅವ್ಯಯಗಳಲ್ಲಿಗೇ ನಿಲ್ಲಲಿಲ್ಲ. ಸ್ಪರ್ಧಿಸು, ಜಯಿಸು, ದ್ವೇಷಿಸು, ಈರ್ಷ್ಯೆಪಡು, ವಿಡಂಬಿಸು, ಅನುಕರಿಸು ಎಂಬ ಅರ್ಥದ ಕ್ರಿಯಾಪದಗಳನ್ನೂ ಅವನು ಅಲ್ಲಿಯೇ ಸೇರಿಸಿದ್ದಾನೆ. ಮುಖವು ಚಂದ್ರನೊಡನೆ ಹುರುಡಿಸುತ್ತದೆ ಎಂದರೆ ಚಂದ್ರನಂತಿದೆ ಎಂದೇ ತಾತ್ಪರ್ಯ. ಸಾಟಿಯಲ್ಲದವರ ನಡುವೆ ಹುರುಡಿಗೆ ಎಡೆಯಿಲ್ಲ. ‘ವಿಡಂಬನೆ’ಯ ಗತಿಯೂ ಸ್ವಾರಸ್ಯವಾದುದು. ಸಂಸ್ಕೃತದಲ್ಲಿ ಅನುಕರಣವನ್ನೂ ಹೇಳುತ್ತಿದ್ದ ಈ ಶಬ್ದ ಇಂದಿನ ಕನ್ನಡದಲ್ಲಿ ಪರಿಹಾಸವೊಂದನ್ನೇ ಉಳಿಸಿಕೊಂಡಿದೆ.

ಸಾಹಿತ್ಯಚರಿತ್ರೆಯಲ್ಲಿ ಈ ಭೇದಕ್ಕೆ ನಿದರ್ಶನಗಳುಂಟು. ಪಂಪನು 941ರ ‘ವಿಕ್ರಮಾರ್ಜುನವಿಜಯ’ದಲ್ಲಿ ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನೊಡನೆ ಅಭೇದಗೊಳಿಸಿದನು. ರನ್ನನು ಅದೇ ತಂತ್ರವನ್ನು ಹಿಡಿದು ಸತ್ಯಾಶ್ರಯನನ್ನು ಭೀಮನೊಡನೆ ಅಭೇದಗೊಳಿಸಿದನು. ಪಂಪನ ಕಾವ್ಯದ ಹದಿಮೂರನೆಯ ಆಶ್ವಾಸದ ವಸ್ತುವನ್ನು ಬೆಳೆಸಿ ‘ಗದಾಯುದ್ಧ’ವೆಂಬ ಪೂರ್ಣಕಾವ್ಯವನ್ನೇ ಕಟ್ಟಿದನು. ಇದನ್ನು ಅನುಕರಣವೆಂದರೆ ರನ್ನನಿಗೆ ಅನ್ಯಾಯ. ಇದು ಪಂಪನೊಡನೆ ಹೂಡಿದ ಹುರುಡು. ಬಿ. ಎಂ. ಶ್ರೀಕಂಠಯ್ಯನವರ ಎರಡು ನಾಟಕಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೂ ಈ ಭೇದ ನಿಚ್ಚಳವಾಗುತ್ತದೆ. ‘ಪಾರಸಿಕರು’ ಈಸ್ಕಿಲಸನ ನಾಟಕದ ಅನುವಾದ. 1929ರ ‘ಅಶ್ವತ್ಥಾಮನ್’ ಹಾಗಲ್ಲ. ಸಾಫೋಕ್ಲೀಸನ ‘ಏಜಾಕ್ಸ್’ ನಾಟಕದ ಚೌಕಟ್ಟನ್ನು ಅದು ಮಹಾಭಾರತಕ್ಕೆ ತಂದು, ಚಿರಂಜೀವಿಯೆಂದು ನಮ್ಮ ಪರಂಪರೆ ನಂಬಿದ ವೀರನಿಗೆ ದುರಂತ ಮರಣವನ್ನು ವಿಧಿಸಿತು. ಅದನ್ನು ಒಪ್ಪದವರೂ ಇದ್ದಾರೆ. ಒಪ್ಪಲಿ ಬಿಡಲಿ, ಗ್ರೀಕ್ ಕವಿಯ ಒಡನೆ ನಿಂತು ಮಾಡಿದ ಸಾಹಸವದು.

ಪದದ ಅರ್ಥ ಪ್ರಯೋಗದಿಂದ ಸಿದ್ಧವಾಗಬೇಕೆಂಬುದು ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನ ತತ್ತ್ವ. ಅದರ ಪ್ರಧಾನ ಸಂಪಾದಕರಾಗಿ ದುಡಿದ ಪ್ರೊ. ಜಿ. ವೆಂಕಟಸುಬ್ಬಯ್ಯನವರು 2021ರಲ್ಲಿ ತೀರಿಕೊಳ್ಳುವವರೆಗೂ ಇದೇ ಜಯನಗರದ ನಿವಾಸಿಗಳಾಗಿದ್ದರು. ಆ ತತ್ತ್ವದಂತೆ ಇಂದಿನ ಬಳಕೆಯನ್ನು ನೋಡಿದರೆ ‘ಸೆಣಸು’ ಕ್ರೀಡಾವರದಿಗಳಲ್ಲಿ ಚೆನ್ನಾಗಿ ಬಾಳುತ್ತಿದೆ. ‘ಪೈಪೋಟಿ’ ವ್ಯಾಪಾರಕ್ಕೆ ಒಗ್ಗಿದೆ. ‘ಜಿದ್ದು’ ಹಗೆಯತ್ತ ಹೊರಳಿದೆ. ಅರಬಿಯಿಂದ ಬಂದ ‘ನಕಲು’ ಕಚೇರಿಯ ಕಡತದಲ್ಲಿ ನಿರ್ದೋಷಿ, ಪರೀಕ್ಷೆಯ ಕೊಠಡಿಯಲ್ಲಿ ಅಪರಾಧಿ! ‘ಹುರುಡಿಸು’ ಮಾತ್ರ ಬಹುಮಟ್ಟಿಗೆ ಗ್ರಂಥಸ್ಥವಾಗಿ ಉಳಿದಿದೆ.

ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ಗಣಕ ತಂತ್ರಜ್ಞರಲ್ಲಿ ‘ಎಮ್ಯುಲೇಟರ್’ ನಿತ್ಯದ ಮಾತು. ಒಂದು ಯಂತ್ರವು ಮತ್ತೊಂದರಂತೆ ವರ್ತಿಸುವ ಹಾಗೆ ಮಾಡುವ ಸಾಧನವದು. ಅಲ್ಲಿ ಹುರುಡಿನ ಭಾವ ಅಳಿದಿರುವುದರಿಂದ ‘ಅನುಕರಿಸು’ ಎಂದರೆ ಸರಿಯೇ. ಆದರೆ ಶಿಷ್ಯನೊಬ್ಬ ಗುರುವಿನ ಪಾಂಡಿತ್ಯವನ್ನು ‘ಎಮ್ಯುಲೇಟ್’ ಮಾಡಬಯಸಿದನೆಂದಾಗ ಅದು ಸಾಲದು. ‘ಹುರುಡಿಸು’ ಎಂದರೆ ಮತ್ಸರದ ಛಾಯೆ ಮೂಡೀತೆಂಬ ಶಂಕೆ ನ್ಯಾಯವಾದುದೇ. ಗೌರವವೇ ಮುಂದಾದಲ್ಲಿ ‘ಸರಿಗಟ್ಟಲು ಯತ್ನಿಸು’ ಎನ್ನಬಹುದು. ಛಲವೇ ಮುಂದಾದಲ್ಲಿ, ರನ್ನನ ವಿಷಯದಲ್ಲಿರುವಂತೆ, ‘ಹುರುಡಿಸು’ ಎಂದೇ ಬರೆಯಲು ನನಗೆ ಸಂಕೋಚವಿಲ್ಲ.