ತಿರುವು ಬಲ್ಲ ಗಾಲಿ

"ಹ್ವಾಯ್, ನನ್ನ ರೈಲು ಮಾತ್ರ ಎಂತಕ್ಕೆ ಹಳಿ ತಪ್ಪುದ್ ಮರಾಯ್ರೆ?" ಬ್ರಹ್ಮಾವರ ಕಡೆಯ ಓದುಗರೊಬ್ಬರ ಪ್ರಶ್ನೆ ಇದು. ಬ್ಯಾಂಕಿನಿಂದ ನಿವೃತ್ತರಾದ ಇವರ ಮಹಡಿ ಕೋಣೆಯಲ್ಲಿ ಪ್ಲೈವುಡ್ ಹಲಗೆಯ ಮೇಲೊಂದು ಪುಟ್ಟ ಕೊಂಕಣ ರೈಲ್ವೆ ಇದೆ. ಬೆಳಿಗ್ಗೆ ಕಾಫಿ ಮುಗಿಸಿ ಹಳಿ ಒರೆಸುತ್ತಾರೆ. ಮಧ್ಯಾಹ್ನದ ನಿದ್ದೆಯ ನಂತರ ಅಂಟು, ಬಣ್ಣ, ಬೆಸುಗೆಯ ಕೆಲಸ. ಸಂಜೆ ಮೊಮ್ಮಕ್ಕಳು ಬಂದರೆ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹೊರಡುತ್ತದೆ. ಬಾರ್ಕೂರಿನಲ್ಲಿ ನಿಜವಾದ ಮತ್ಸ್ಯಗಂಧ ಸರಾಗವಾಗಿ ಸಾಗಿಹೋಗುತ್ತದೆ. ಇವರದು ಪ್ರತಿ ತಿರುವಿನಲ್ಲೂ ಕಿರುಚುತ್ತದೆ, ಒಂದು ಮೂಲೆಯಲ್ಲಂತೂ ಉರುಳಿಯೇ ಬೀಳುತ್ತದೆ. ಗಾಲಿಯ ಒಳಬದಿಗಿರುವ ದಂಡೆ, ಅಂದರೆ ಫ್ಲೇಂಜ್, ಇನ್ನಷ್ಟು ಎತ್ತರವಿದ್ದರೆ ಹೀಗಾಗುತ್ತಿರಲಿಲ್ಲ ಎಂಬುದು ಅವರ ವಾದ.

ಈ ವಾದ ಅವರೊಬ್ಬರದೇ ಅಲ್ಲ. ರೈಲನ್ನು ಹಳಿಯ ಮೇಲೆ ಹಿಡಿದಿಡುವುದು ಯಾವುದೆಂದು ಎಂಜಿನಿಯರಿಂಗ್ ಕಲಿಯುವ ಹುಡುಗರನ್ನು ಕೇಳಿದರೂ ಹತ್ತರಲ್ಲಿ ಒಂಬತ್ತು ಮಂದಿ ಫ್ಲೇಂಜಿನ ಕಡೆಗೇ ಕೈ ತೋರಿಸುತ್ತಾರೆ. ಹಾಗಿದ್ದರೆ ಕೊಂಕಣ ರೈಲ್ವೆಯ ಉದ್ದಕ್ಕೂ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದಿಗೆ ಹಳಿಯ ಪಕ್ಕದ ಮನೆಯವರು ನಿದ್ದೆ ಮಾಡುತ್ತಿರಲಿಲ್ಲ, ಗಾಲಿಗಳೂ ಬೇಗನೆ ಸವೆದುಹೋಗುತ್ತಿದ್ದವು.

ಆನೆಗುಡ್ಡೆಯ ದೇವಸ್ಥಾನದಲ್ಲಿ ಇಬ್ಬರು ಹೆಗಲಿಗೆ ಹೆಗಲು ಕೊಟ್ಟು ಪ್ರದಕ್ಷಿಣೆ ಬರುವಾಗ, ಹೊರಬದಿಯವರು ಮೂಲೆಯಲ್ಲಿ ದೊಡ್ಡ ಹೆಜ್ಜೆ ಹಾಕಲೇಬೇಕು. ರೈಲಿಗೂ ಅದೇ ಕಷ್ಟ. ಕಾಲು ವೃತ್ತದಷ್ಟು ತಿರುಗುವಷ್ಟರಲ್ಲಿ ಹೊರಗಿನ ಹಳಿ ಒಳಗಿನದಕ್ಕಿಂತ ಎರಡೂವರೆ ಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ತಿರುವು ಚಿಕ್ಕದಿರಲಿ, ದೊಡ್ಡದಿರಲಿ, ಈ ಲೆಕ್ಕ ಬದಲಾಗದು. ಕಾರಿನಲ್ಲಾದರೆ ಎರಡು ಗಾಲಿಗಳೂ ಬೇರೆ ಬೇರೆ ವೇಗದಲ್ಲಿ ತಿರುಗಲು ಡಿಫರೆನ್ಷಿಯಲ್ ಇದೆ. ರೈಲಿನ ಎರಡು ಗಾಲಿಗಳನ್ನೋ ಒಂದೇ ಅಚ್ಚಿಗೆ ಬಿಗಿದುಬಿಟ್ಟಿರುತ್ತಾರೆ. ಇದು ಒಂದು ಸುತ್ತು ಸುತ್ತಿದರೆ ಅದೂ ಒಂದೇ ಸುತ್ತು. ಹಾಗಾದರೆ ಹೊರಗಿನ ಗಾಲಿ ಹೆಚ್ಚು ದೂರ ಸಾಗುವುದು ಹೇಗೆ?

ಗುಟ್ಟು ಗಾಲಿಯ ಆಕಾರದಲ್ಲಿದೆ. ಹಳಿಯ ಮೇಲೆ ಕೂರುವ ಅದರ ಮೈ ಮಟ್ಟಸವಾಗಿಲ್ಲ, ಓರೆಯಾಗಿದೆ. ಫ್ಲೇಂಜಿನ ಹತ್ತಿರ ದಪ್ಪ, ಹೊರಕ್ಕೆ ಹೋದಂತೆ ಸಣ್ಣ. ನಮ್ಮ ರೈಲುಗಳಲ್ಲಿ ಈ ಓರೆ 20ಕ್ಕೆ 1. ತಿರುವು ಬಂದಾಗ ಅಚ್ಚು ತುಸು ಹೊರಕ್ಕೆ ಸರಿಯುತ್ತದೆ. ಆಗ ಹೊರಗಿನ ಗಾಲಿ ತನ್ನ ದಪ್ಪ ಭಾಗದ ಮೇಲೆ, ಒಳಗಿನದು ಸಣ್ಣ ಭಾಗದ ಮೇಲೆ ಉರುಳತೊಡಗುತ್ತವೆ. ಸುತ್ತು ಒಂದೇ, ಆದರೆ ಸಾಗುವ ದೂರ ಬೇರೆ.

ಲೆಕ್ಕ ಹಾಕಿ ನೋಡಿದಾಗ ನನಗೆ ರೋಮಾಂಚನವಾಯಿತು. ಕೊಂಕಣ ರೈಲ್ವೆಯನ್ನು ಗಂಟೆಗೆ 160 ಕಿ.ಮೀ. ವೇಗಕ್ಕೆಂದು ರೂಪಿಸಿದ್ದು. ಹಾಗಾಗಿ ಗುಡ್ಡ ಬಳಸಿ ಹೋಗುವ ಬದಲು ಸುರಂಗ ಕೊರೆದರು, ಹೊನ್ನಾವರದ ಬಳಿ ಶರಾವತಿಗೆ 2 ಕಿ.ಮೀ.ಗೂ ಉದ್ದದ ಸೇತುವೆ ಕಟ್ಟಿದರು, ತಿರುವುಗಳ ತ್ರಿಜ್ಯ 1250 ಮೀಟರಿಗಿಂತ ಕಡಿಮೆಯಾಗದಂತೆ ನೋಡಿಕೊಂಡರು. ಇಂಥ ತಿರುವಿನಲ್ಲಿ 915 ಮಿ.ಮೀ. ವ್ಯಾಸದ ಗಾಲಿಗಳ ಅಚ್ಚು ಪಕ್ಕಕ್ಕೆ ಸರಿಯಬೇಕಾದದ್ದು ಬರೀ 6 ಮಿ.ಮೀ. ಚಿಲ್ಲರೆ! ಅಷ್ಟಕ್ಕೇ ಹೊರಗಿನ ಗಾಲಿ ಒಳಗಿನದಕ್ಕಿಂತ ಸುತ್ತಿಗೆ 4 ಮಿ.ಮೀ. ಹೆಚ್ಚು ಸಾಗುತ್ತದೆ, ತಿರುವಿಗೆ ಅದು ಸಾಕು. ಫ್ಲೇಂಜು ಹಳಿಗೆ ತಾಗುವುದಕ್ಕೆ ಇನ್ನೂ ಜಾಗ ಉಳಿದಿರುತ್ತದೆ. ಟನ್ನುಗಟ್ಟಲೆ ತೂಕದ ಬೋಗಿಯನ್ನು ತಿರುಗಿಸಲು ಸ್ಟಿಯರಿಂಗೂ ಇಲ್ಲ, ಸೆನ್ಸರೂ ಇಲ್ಲ. ಓರೆಯಾದ ಉಕ್ಕು, ಅಷ್ಟೇ.

ನೇರ ಹಳಿಯಲ್ಲೂ ಓರೆಗೆ ಬಿಡುವಿಲ್ಲ. ಅಚ್ಚು ಎಡಕ್ಕೆ ಸರಿದರೆ ಎಡಗಾಲಿ ಮುಂದೆ ಓಡಿ ಅದನ್ನು ಬಲಕ್ಕೆ ತಿರುಗಿಸುತ್ತದೆ. ಬಲಕ್ಕೆ ಹೆಚ್ಚಾದರೆ ಮತ್ತೆ ಎಡಕ್ಕೆ. ಹೀಗೆ ಗಾಲಿಗಳು ಹಳಿಯ ಮೇಲೆ ನಯವಾಗಿ ಬಳುಕುತ್ತಾ ಸಾಗುತ್ತವೆ. ಈ ಬಳುಕಿನ ಸೂತ್ರವನ್ನು 1883ರಲ್ಲಿ ಜರ್ಮನಿಯ ಕ್ಲಿಂಗೆಲ್ ಬರೆದಿಟ್ಟ. ಅದರ ಪ್ರಕಾರ ನಮ್ಮ ಗಾಲಿಗಳಿಗೆ ಒಂದು ಬಳುಕು ಸುಮಾರು 18 ಮೀಟರ್ ಉದ್ದ. ವೇಗ ಮಿತಿಮೀರಿದರೆ ಇದೇ ಬಳುಕು ಕುಲುಕಾಟವಾಗಿ ಅಪಾಯ ತರುತ್ತದೆ. ಎಲ್‌ಎಚ್‌ಬಿ ಎಂಬ ಹೊಸ ಮಾದರಿಯ ಬೋಗಿಗಳಲ್ಲಿ ಅದನ್ನು ತಡೆಯಲೆಂದೇ ಡ್ಯಾಂಪರ್ ಕೂರಿಸಿರುತ್ತಾರೆ.

ಹಾಗೆಂದು ಫ್ಲೇಂಜು ದಂಡಕ್ಕಲ್ಲ. ಕಡಿದಾದ ತಿರುವಿನಲ್ಲಿ, ಹಳಿ ಕವಲೊಡೆಯುವ ಕಡೆ ಅದು ಬೇಕೇ ಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ 57 ಸುರಂಗಗಳನ್ನು ದಾಟಿ ಘಾಟಿ ಇಳಿದವರು ಗಾಲಿಯ ಕಿರುಚಾಟ ಕೇಳಿಯೇ ಇರುತ್ತಾರೆ. ಅದು ಫ್ಲೇಂಜು ಕೆಲಸಕ್ಕಿಳಿದ ಸದ್ದು.

ಈಗ ನಮ್ಮ ಓದುಗರ ಮಹಡಿಗೆ ಬರೋಣ. ಅವರದು ಎಚ್‌ಒ ಅಳತೆ, ಅಂದರೆ ನಿಜದ 87ನೇ ಒಂದು ಭಾಗ. ಗಾಲಿ 10.5 ಮಿ.ಮೀ., ಸರಿಯಾಗಿಯೇ ಕುಗ್ಗಿದೆ. ಹಳಿಯ ಅಗಲ 16.5 ಮಿ.ಮೀ.; ಇದು ಯುರೋಪಿನ 1435 ಮಿ.ಮೀ. ಹಳಿಯ ಕುಗ್ಗಿದ ರೂಪ. ನಮ್ಮ 1676 ಮಿ.ಮೀ. ಬ್ರಾಡ್‌ಗೇಜಿಗೆ 19.3 ಬೇಕಿತ್ತು. ಇರಲಿ, ಇದನ್ನು ಕ್ಷಮಿಸಬಹುದು. ತಿರುವಿನದು ಮಾತ್ರ ಕ್ಷಮಿಸಲಾಗದ ಲೆಕ್ಕ. ಕೊಂಕಣ ರೈಲ್ವೆಯ 1250 ಮೀಟರನ್ನು 87ರಿಂದ ಭಾಗಿಸಿದರೆ 14 ಮೀಟರಿಗೂ ಹೆಚ್ಚಾಯಿತು. ಅರ್ಧ ಸುತ್ತು ತಿರುಗಿಸಲು 29 ಮೀಟರ್ ಅಗಲದ ಕೋಣೆ ಬೇಕು! ಇವರ ತಿರುವಿನ ತ್ರಿಜ್ಯ 45 ಸೆಂಟಿಮೀಟರ್. ಅಲ್ಲಿ ಓರೆಯಿಂದಲೇ ತಿರುಗಬೇಕಾದರೆ ಅಚ್ಚು 2 ಮಿ.ಮೀ. ಸರಿಯಬೇಕು, ಆಟಿಕೆಯ ಗಾಲಿಗೆ ಅರ್ಧ ಮಿಲಿಮೀಟರ್ ಜಾಗ ಸಿಕ್ಕರೆ ಹೆಚ್ಚು. ಹಾಗಾಗಿ ಫ್ಲೇಂಜು ಹಳಿಗೆ ಉಜ್ಜುತ್ತದೆ, ಗಾಲಿ ಕಿರುಚುತ್ತದೆ. ಫ್ಲೇಂಜನ್ನು ಎತ್ತರಿಸಿದರೆ ಉಜ್ಜಾಟವೇನೂ ತಪ್ಪದು.

ಇನ್ನು ಉರುಳಿ ಬೀಳುವ ಆ ಮೂಲೆ. ಅದು ನೈಋತ್ಯ, ಅಲ್ಲಿ ಓಡುವ ವಸ್ತು ಇಡಬಾರದು ಎಂದು ನೆಂಟರೊಬ್ಬರು ವಾಸ್ತು ಹೇಳಿದರಂತೆ. ಎಂಜಿನ್ನಿಗೆ ಲಿಂಬೆಹಣ್ಣು ನಿವಾಳಿಸಿದ್ದೂ ಆಯಿತಂತೆ. ಲೆಕ್ಕ ಬಲ್ಲ ಬ್ಯಾಂಕಿನವರು ಇದನ್ನೆಲ್ಲ ಕೇಳುವುದೆ? ನಮ್ಮ ಕರಾವಳಿಗೆ ಮುಂಗಾರು ಬರುವುದೇ ನೈಋತ್ಯದಿಂದ. ಅವರ ಕೋಣೆಯ ಕಿಟಕಿಯೂ ಅಲ್ಲೇ ಇದೆ. ಜೂನಿನಿಂದ ಇರಿಚಲು ಬಡಿದು ಪ್ಲೈವುಡ್ ಉಬ್ಬಿದೆ, ಹಳಿಯ ಜೋಡಣೆ ಕೂದಲೆಳೆಯಷ್ಟು ಎದ್ದಿದೆ. ಮೊದಲೇ ಹಳಿಗೆ ಒತ್ತಿಕೊಂಡು ಬರುವ ಫ್ಲೇಂಜಿಗೆ ಏರಿ ಆಚೆ ಹಾರಲು ಅಷ್ಟು ಮೆಟ್ಟಿಲು ಸಾಕು. ದೋಷ ಇದ್ದದ್ದು ಮರ ಮತ್ತು ಮಳೆಯ ನಡುವೆ. ಗ್ರಹಗಳ ತಕರಾರೇನೂ ಇಲ್ಲ.

ಆದ್ದರಿಂದ ಓದುಗರಿಗೆ ನನ್ನ ಸಲಹೆ ಇಷ್ಟು. ಹಲಗೆಯ ಅಂಚಿಗೆಲ್ಲ ವಾರ್ನಿಷ್ ಬಳಿಯಿರಿ, ಹಳಿಯ ಜೋಡಣೆಗಳನ್ನು ಬೆರಳಿನಿಂದ ಸವರಿ ನೋಡಿ, ಕೋಣೆ ಬಿಟ್ಟುಕೊಟ್ಟಷ್ಟು ತಿರುವನ್ನು ಹಿಗ್ಗಿಸಿ. ನೇರ ಹಳಿಯಿಂದ ಒಮ್ಮೆಲೇ ಬಾಗಿಸದೆ ಸ್ವಲ್ಪ ಸ್ವಲ್ಪವಾಗಿ ಬಾಗಿಸಿ. ನಿಜವಾದ ರೈಲ್ವೆಯವರು ಮಾಡುವುದೂ ಹಾಗೆಯೇ.

ಉಳಿದವರು ಮಕ್ಕಳ ಜೊತೆ ಒಂದು ಪ್ರಯೋಗ ಮಾಡಿ. ಎರಡು ಕಾಗದದ ಲೋಟಗಳನ್ನು ಬಾಯಿಗೆ ಬಾಯಿ ಕೊಟ್ಟು ಅಂಟಿಸಿ, ಸಮಾನಾಂತರವಾಗಿ ಇಳಿಜಾರಿಗಿಟ್ಟ ಎರಡು ಕೋಲುಗಳ ಮೇಲೆ ಉರುಳಬಿಡಿ. ತುಸು ಸೊಟ್ಟಗೆ ಬಿಟ್ಟರೂ ನಡುವಿಗೆ ಬರುತ್ತದೆ. ತಳಕ್ಕೆ ತಳ ಅಂಟಿಸಿ ಬಿಡಿ, ಜಾರಿ ಬೀಳುತ್ತದೆ. ಈ ಲೋಟಗಳಿಗೆ ಫ್ಲೇಂಜೇ ಇಲ್ಲ ಎಂಬುದನ್ನು ಮಕ್ಕಳಿಗೆ ತೋರಿಸಲು ಮರೆಯಬೇಡಿ.